ಕಾಂಪ್ಯಾಕ್ಟ್ ಕ್ಯಾಮೆರಾದ ಆಯ್ಕೆ

ಕಾಂಪ್ಯಾಕ್ಟ್ ಕ್ಯಾಮೆರಾ ಎಂಬುದು ಜೇಬಿನಲ್ಲಿಯೋ ಸಣ್ಣ ಕೈಚೀಲದಲ್ಲಿಯೋ ಹಿಡಿಸುವ, ಮಸೂರವನ್ನು ಬದಲಾಯಿಸಲಾಗದ ಕ್ಯಾಮೆರಾ. ಫೋಕಸ್, ಬೆಳಕಿನ ಪ್ರಮಾಣ ಮುಂತಾದವುಗಳನ್ನು ಅದು ತಾನೇ ಹೊಂದಿಸಿಕೊಳ್ಳುತ್ತದೆ. ಬಳಸುವವರು ಗುರಿಯಿಟ್ಟು ಗುಂಡಿ ಒತ್ತಿದರೆ ಸಾಕಾಗುವುದರಿಂದ ಇದಕ್ಕೆ ‘ಪಾಯಿಂಟ್ ಅಂಡ್ ಶೂಟ್’ ಎಂಬ ಹೆಸರೂ ಇದೆ. ಇಂತಹ ಕ್ಯಾಮೆರಾವನ್ನು ಕೊಳ್ಳುವಾಗ ಹೆಚ್ಚಿನವರು ಮೊದಲು ನೋಡುವುದು ಮೆಗಾಪಿಕ್ಸೆಲ್ ಸಂಖ್ಯೆಯನ್ನು. ಚಿತ್ರದ ಗುಣಮಟ್ಟವನ್ನು ಅದಕ್ಕಿಂತ ಹೆಚ್ಚಾಗಿ ನಿರ್ಧರಿಸುವ ಸಂವೇದಕದ ಗಾತ್ರ ಮತ್ತು ಮಸೂರದ ಸಾಮರ್ಥ್ಯಗಳು ಸಾಮಾನ್ಯವಾಗಿ ವಿವರಪತ್ರದ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತವೆ.

ಹಿನ್ನೆಲೆ

ಛಾಯಾಗ್ರಹಣವನ್ನು ಜನಸಾಮಾನ್ಯರ ಕೈಗೆ ತಂದ ಕೊಡಕ್ ಸಂಸ್ಥೆಯ ‘ಬ್ರೌನಿ’ ಪೆಟ್ಟಿಗೆ ಕ್ಯಾಮೆರಾ 1900ರಲ್ಲಿ ಒಂದು ಡಾಲರ್ ಬೆಲೆಗೆ ಮಾರಾಟಕ್ಕೆ ಬಂದಿತು. 1977ರಲ್ಲಿ ಜಪಾನಿನ ಕೊನಿಕಾ ಸಂಸ್ಥೆಯು ಸ್ವಯಂಚಾಲಿತ ಫೋಕಸ್ ಉಳ್ಳ ‘ಸಿ35 ಎಎಫ್’ ಮಾದರಿಯನ್ನು ಹೊರತಂದ ಮೇಲೆ, ದೂರವನ್ನು ಅಂದಾಜು ಮಾಡಿ ಉಂಗುರ ತಿರುಗಿಸುವ ಕೆಲಸವೂ ಬಳಸುವವರಿಗೆ ತಪ್ಪಿತು. ಡಿಜಿಟಲ್ ತಂತ್ರಜ್ಞಾನ ಬಂದ ಬಳಿಕ ಫಿಲ್ಮಿನ ಸ್ಥಾನವನ್ನು ಸಂವೇದಕ, ಅಂದರೆ ಸೆನ್ಸರ್, ಆಕ್ರಮಿಸಿತು.

ಸಂವೇದಕದ ಗಾತ್ರ

ಮಸೂರದ ಮೂಲಕ ಬರುವ ಬೆಳಕನ್ನು ವಿದ್ಯುತ್ ಸಂಕೇತವನ್ನಾಗಿ ಪರಿವರ್ತಿಸುವ ಭಾಗವೇ ಸಂವೇದಕ. ಮಳೆಯಲ್ಲಿ ಇಟ್ಟ ಪಾತ್ರೆಯ ಬಾಯಿ ಅಗಲವಾದಷ್ಟೂ ಹೆಚ್ಚು ನೀರು ತುಂಬುವಂತೆ, ಸಂವೇದಕದ ವಿಸ್ತೀರ್ಣ ಹೆಚ್ಚಿದಷ್ಟೂ ಅದು ಹಿಡಿಯುವ ಬೆಳಕು ಹೆಚ್ಚುತ್ತದೆ. ಅಗ್ಗದ ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ 1/2.3 ಇಂಚಿನ ಸಂವೇದಕವು ಸುಮಾರು 6.2 ಮಿ.ಮೀ. ಉದ್ದ, 4.6 ಮಿ.ಮೀ. ಅಗಲವಿರುತ್ತದೆ, ಅಂದರೆ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ‘1 ಇಂಚಿನ’ ಸಂವೇದಕದ ಅಳತೆ 13.2 ಮತ್ತು 8.8 ಮಿ.ಮೀ. ಇದರ ವಿಸ್ತೀರ್ಣ ಮೊದಲನೆಯದರ ನಾಲ್ಕು ಪಟ್ಟು. (ಇದರ ಯಾವ ಬದಿಯೂ, ಕರ್ಣವೂ ಒಂದು ಇಂಚು ಇಲ್ಲ. ಹಳೆಯ ಟೆಲಿವಿಷನ್ ಕ್ಯಾಮೆರಾಗಳ ಗಾಜಿನ ನಳಿಕೆಯ ಹೊರವ್ಯಾಸವನ್ನು ಅನುಸರಿಸಿ ಬಂದ ಈ ಹೆಸರು ಇಂದಿಗೂ ಗ್ರಾಹಕರಲ್ಲಿ ಗೊಂದಲ ಉಂಟುಮಾಡುತ್ತದೆ.) ಇಷ್ಟು ದೊಡ್ಡ ಸಂವೇದಕವನ್ನು ಜೇಬಿನಲ್ಲಿ ಹಿಡಿಸುವ ಕ್ಯಾಮೆರಾದಲ್ಲಿ ಅಳವಡಿಸಿ ಹೆಸರಾದದ್ದು 2012ರಲ್ಲಿ ಬಂದ ಸೋನಿ ‘ಆರ್‌ಎಕ್ಸ್100’.

ಹಗಲಿನ ಬಿಸಿಲಿನಲ್ಲಿ ತೆಗೆದ ಚಿತ್ರಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ರಾತ್ರಿಯ ಆರತಕ್ಷತೆ, ದೇವಸ್ಥಾನದ ಒಳಾಂಗಣ, ಶಾಲಾ ವಾರ್ಷಿಕೋತ್ಸವದ ವೇದಿಕೆ ಇಂತಹ ಕಡೆ ಚಿಕ್ಕ ಸಂವೇದಕಕ್ಕೆ ಬೆಳಕು ಸಾಲುವುದಿಲ್ಲ. ಆಗ ಕ್ಯಾಮೆರಾ ಐಎಸ್ಒ ಅಂಕವನ್ನು ಏರಿಸಿ ಸಂಕೇತವನ್ನು ಹಿಗ್ಗಿಸುತ್ತದೆ. ಚಿತ್ರದ ತುಂಬ ಮರಳು ಎರಚಿದಂತೆ ಬಣ್ಣದ ಚುಕ್ಕೆಗಳು ಮೂಡುತ್ತವೆ. ಅವನ್ನು ಅಳಿಸಲು ಹೋದಾಗ ಸೀರೆಯ ಜರಿ, ಕೂದಲಿನ ಎಳೆಗಳಂತಹ ಸೂಕ್ಷ್ಮ ವಿವರಗಳೂ ಅಳಿಸಿಹೋಗುತ್ತವೆ. ಮತ್ತೆ ನಡೆಯದ ಸಂದರ್ಭಗಳ ಚಿತ್ರಗಳೇ ಹೀಗೆ ಕೆಡುವುದರಿಂದ, ಬೇರೆಲ್ಲ ಸೌಲಭ್ಯಗಳಿಗಿಂತ ಮೊದಲು ಸಂವೇದಕದ ಅಳತೆಯನ್ನು ನೋಡುವುದು ಸೂಕ್ತ.

ಮೆಗಾಪಿಕ್ಸೆಲ್

ಹತ್ತು ಲಕ್ಷ ಚಿತ್ರಬಿಂದುಗಳಿಗೆ ಒಂದು ಮೆಗಾಪಿಕ್ಸೆಲ್ ಎನ್ನುತ್ತಾರೆ. ಎ4 ಅಳತೆಯ ಕಾಗದದಲ್ಲಿ ಇಂಚಿಗೆ 300 ಬಿಂದುಗಳಂತೆ ಸ್ಫುಟವಾಗಿ ಮುದ್ರಿಸಲು ಸುಮಾರು 87 ಲಕ್ಷ ಬಿಂದುಗಳು, ಎಂದರೆ 9 ಮೆಗಾಪಿಕ್ಸೆಲ್‌ಗಿಂತ ಕಡಿಮೆ, ಸಾಕು. ಸಂವೇದಕದ ಗಾತ್ರವನ್ನು ಹೆಚ್ಚಿಸದೆ ಬಿಂದುಗಳನ್ನು ಮಾತ್ರ ಹೆಚ್ಚಿಸಿದರೆ ಪ್ರತಿಯೊಂದು ಬಿಂದುವಿನ ಪಾಲಿಗೆ ಬರುವ ಬೆಳಕು ಕುಗ್ಗುತ್ತದೆ. ಕ್ಯಾನನ್ ಸಂಸ್ಥೆಯು 2008ರ ‘ಪವರ್‌ಶಾಟ್ ಜಿ10’ ಮಾದರಿಯಲ್ಲಿದ್ದ 14.7 ಮೆಗಾಪಿಕ್ಸೆಲ್‌ಗಳನ್ನು ಮರುವರ್ಷದ ‘ಜಿ11’ರಲ್ಲಿ 10ಕ್ಕೆ ಇಳಿಸಿತು. ಮಂದ ಬೆಳಕಿನ ಚಿತ್ರಗಳನ್ನು ಉತ್ತಮಪಡಿಸುವುದು ಇದರ ಉದ್ದೇಶವಾಗಿತ್ತು. ಸಂಖ್ಯೆಯ ಪೈಪೋಟಿಯ ಕಾಲದಲ್ಲಿ ಇದು ಅಪರೂಪದ ನಡೆ.

ಮಸೂರ ಮತ್ತು ಜೂಮ್

ಆಪ್ಟಿಕಲ್ ಜೂಮ್‌ನಲ್ಲಿ ಮಸೂರದ ಗಾಜುಗಳೇ ಸರಿದು ದೃಶ್ಯವನ್ನು ಹತ್ತಿರಕ್ಕೆ ತರುತ್ತವೆ. ಡಿಜಿಟಲ್ ಜೂಮ್ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಕ್ರಿಯೆ ಮಾತ್ರ. ಅದನ್ನು ಮನೆಯ ಕಂಪ್ಯೂಟರಿನಲ್ಲಿಯೂ ಮಾಡಬಹುದಾದ್ದರಿಂದ ಕೊಳ್ಳುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

‘5 ಪಟ್ಟು ಜೂಮ್’ ಎಂಬುದು ಮಸೂರದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಸಂಗಮದೂರಗಳ ಅನುಪಾತವೇ ಹೊರತು ಎಷ್ಟು ದೂರ ಕಾಣುತ್ತದೆ ಎಂಬುದರ ಅಳತೆಯಲ್ಲ. 35 ಮಿ.ಮೀ. ಫಿಲ್ಮಿಗೆ ಸಮಾನವಾದ ಲೆಕ್ಕದಲ್ಲಿ 24ರಿಂದ 120 ಮಿ.ಮೀ. ಇರುವ ಮಸೂರವೂ, 35ರಿಂದ 175 ಮಿ.ಮೀ. ಇರುವ ಮಸೂರವೂ 5 ಪಟ್ಟಿನವೇ. ಮೂರು ಮೀಟರ್ ದೂರದಲ್ಲಿ ನಿಂತಾಗ ಮೊದಲನೆಯದರಲ್ಲಿ 4.5 ಮೀಟರ್ ಅಗಲದ ದೃಶ್ಯ ಹಿಡಿಯುತ್ತದೆ, ಎರಡನೆಯದರಲ್ಲಿ ಸುಮಾರು 3.1 ಮೀಟರ್ ಮಾತ್ರ. ಮನೆಯ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತರೂ ಸಾಲಿನ ಕೊನೆಯವರು ಚಿತ್ರದಿಂದ ಹೊರಗುಳಿಯುವುದಕ್ಕೆ ಇದೇ ಕಾರಣ.

ಮಸೂರದ ದ್ಯುತಿರಂಧ್ರವನ್ನು ‘ಎಫ್’ ಅಂಕದಿಂದ ಸೂಚಿಸುತ್ತಾರೆ. ಅಂಕ ಚಿಕ್ಕದಾದಷ್ಟೂ ರಂಧ್ರ ದೊಡ್ಡದು: ಎಫ್/2ರಲ್ಲಿ ಒಳಬರುವ ಬೆಳಕು ಎಫ್/4ರಲ್ಲಿ ಬರುವುದರ ನಾಲ್ಕು ಪಟ್ಟು.

ಮೊಬೈಲ್ ದೂರವಾಣಿಯೊಂದಿಗೆ ಹೋಲಿಕೆ

ಇಂದಿನ ಉತ್ತಮ ಮೊಬೈಲ್‌ಗಳು ಒಂದೇ ದೃಶ್ಯದ ಹಲವು ಚಿತ್ರಗಳನ್ನು ಬೆಸೆದು ತಮ್ಮ ಸಂವೇದಕದ ಕೊರತೆಯನ್ನು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಅಂತಹ ಮೊಬೈಲ್ ಇರುವವರಿಗೆ ಚಿಕ್ಕ ಸಂವೇದಕವೂ ಸಾಧಾರಣ ಜೂಮ್ ಕೂಡ ಇರುವ ಅಗ್ಗದ ಕ್ಯಾಮೆರಾದಿಂದ ಹೆಚ್ಚಿನ ಪ್ರಯೋಜನವಿಲ್ಲ. ಪಕ್ಷಿವೀಕ್ಷಣೆಗೆ ಬೇಕಾದ ದೀರ್ಘ ಜೂಮ್, ದೊಡ್ಡ ಸಂವೇದಕ, ನೀರಿನೊಳಗೂ ಬಳಸಬಹುದಾದ ಗಟ್ಟಿ ಕವಚ ಇವುಗಳಲ್ಲಿ ಒಂದಾದರೂ ಇದ್ದರೆ ಪ್ರತ್ಯೇಕ ಕ್ಯಾಮೆರಾಕ್ಕೆ ಅರ್ಥವಿದೆ.

ಕೊಳ್ಳುವ ಮುನ್ನ

ಗುಂಡಿ ಒತ್ತಿದ ಕ್ಷಣಕ್ಕೂ ಚಿತ್ರ ದಾಖಲಾಗುವ ಕ್ಷಣಕ್ಕೂ ನಡುವಿನ ವಿಳಂಬವನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಗುಂಡಿಯನ್ನು ಮೊದಲು ಅರ್ಧ ಒತ್ತಿ ಫೋಕಸ್ ನಿಂತ ಮೇಲೆ ಪೂರ್ತಿ ಒತ್ತಿದರೆ ಈ ವಿಳಂಬ ಗಣನೀಯವಾಗಿ ತಗ್ಗುತ್ತದೆ. ಬಿಸಿಲಿನಲ್ಲಿ ಹಿಂಬದಿಯ ಪರದೆ ಮಂಕಾಗುವುದರಿಂದ, ಹೊರಾಂಗಣದಲ್ಲಿ ಹೆಚ್ಚು ಬಳಸುವವರಿಗೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಉಪಯುಕ್ತ.

ಹಳೆಯ ಡಿಜಿಟಲ್ ಕ್ಯಾಮೆರಾಗಳಿಗೆ ಇತ್ತೀಚೆಗೆ ಯುವಜನರಲ್ಲಿ ಮತ್ತೆ ಬೇಡಿಕೆ ಮೂಡಿದೆ. ಬಳಸಿದ ಕ್ಯಾಮೆರಾವನ್ನು ಕೊಳ್ಳುವವರು ಅದರ ಬ್ಯಾಟರಿ ಈಗಲೂ ದೊರೆಯುವುದೇ ಎಂದು ವಿಚಾರಿಸಬೇಕು. ಅದು ಯಾವ ಬಗೆಯ ಮೆಮೊರಿ ಕಾರ್ಡನ್ನು ಓದುತ್ತದೆ ಎಂಬುದೂ ಮುಖ್ಯ: ‘ಎಸ್‌ಡಿಎಚ್‌ಸಿ’ ಮಾನದಂಡ 2006ರಲ್ಲಿ ಬಂದುದರಿಂದ, ಅದಕ್ಕಿಂತ ಹಿಂದಿನ ಹಲವು ಕ್ಯಾಮೆರಾಗಳು 2 ಗಿಗಾಬೈಟ್‌ಗಿಂತ ಹೆಚ್ಚಿನ ಕಾರ್ಡುಗಳನ್ನು ಗುರುತಿಸುವುದೇ ಇಲ್ಲ.