ಒಂದು ದಿನದ ದೋಣಿವಿಹಾರ

ಮಳೆಗಾಲವು ಕಳೆದು ಆಕಾಶವು ತಿಳಿಯಾದೊಡನೆ ಮನೆಮಂದಿಯೆಲ್ಲರೂ ಕೂಡಿ ಒಂದು ದಿನ ಎಲ್ಲಿಗಾದರೂ ಹೋಗಿಬರಬೇಕೆಂಬ ಆಸೆ ಹುಟ್ಟುವುದು ಸಹಜ. ಅಂತಹ ವಿಹಾರಕ್ಕೆ ಉತ್ತರ ಕನ್ನಡದ ಹೊನ್ನಾವರವು ತಕ್ಕ ಸ್ಥಳ. ಜೋಗದಲ್ಲಿ 253 ಮೀಟರು ಕೆಳಕ್ಕೆ ಧುಮುಕಿದ ಶರಾವತಿಯು ಇಲ್ಲಿ ತನ್ನ ಆರ್ಭಟವನ್ನೆಲ್ಲ ಮರೆತು, ವಿಶಾಲವಾಗಿ ಹರಡಿಕೊಂಡು, ಪಡುಗಡಲನ್ನು ಸೇರುವಳು. ಕೊಂಕಣ ರೈಲ್ವೆಯ ಸೇತುವೆಯು ಇಲ್ಲಿ ಎರಡು ಕಿಲೋಮೀಟರಿಗಿಂತಲೂ ಉದ್ದವಾಗಿರುವುದೆಂದರೆ ಆ ಹರವನ್ನು ಊಹಿಸಬಹುದು. ದಡದ ಕಾಂಡ್ಲಾ ವನಗಳ ನಡುವೆ ಬಾಡಿಗೆಯ ದೋಣಿಯಲ್ಲಿ ಸಂಚರಿಸುವ ಅನುಕೂಲವೂ ಉಂಟು.

ಆದರೆ ನೀರಿನ ಮೇಲಣ ಸುಖವು ದಡದಲ್ಲಿಯೇ, ದೋಣಿಯಲ್ಲಿ ಕಾಲಿಡುವ ಮೊದಲೇ, ನಿಶ್ಚಯವಾಗತಕ್ಕದ್ದು. 2019ರ ಜನವರಿಯಲ್ಲಿ ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯು ಮಗುಚಿ 16 ಮಂದಿ ಮಡಿದರು. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ವಿಹಾರದ ದೋಣಿಯೊಂದು ಮುಳುಗಿ 22 ಮಂದಿ ಪ್ರಾಣ ಕಳೆದುಕೊಂಡರು; ಅವರಲ್ಲಿ ಮಕ್ಕಳೂ ಹಲವರಿದ್ದರು. ಆ ದೋಣಿಯಲ್ಲಿ ಮಿತಿಮೀರಿ ಜನರನ್ನು ಹತ್ತಿಸಲಾಗಿತ್ತು. ಭಾರ ಹೆಚ್ಚಿದಷ್ಟೂ ದೋಣಿಯ ಅಂಚು ನೀರಿಗೆ ಸಮೀಪವಾಗುವುದು. ಆಗ ನಾಲ್ಕಾರು ಜನ ಒಮ್ಮೆಗೇ ಒಂದು ಪಕ್ಕಕ್ಕೆ ಸರಿದರೂ ಅಪಾಯವೇ.

ಆದುದರಿಂದ ಮೊದಲು ವಿಚಾರಿಸಬೇಕಾದುದು ದೋಣಿಯ ಯೋಗ್ಯತೆಯನ್ನು. 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2021ರಲ್ಲಿ ಬಂದ ಒಳನಾಡು ಹಡಗುಗಳ ಕಾಯಿದೆಯು ಯಂತ್ರದಿಂದ ನಡೆಯುವ ದೋಣಿಗಳಿಗೆ ನೋಂದಣಿಯನ್ನೂ ತಪಾಸಣೆಯನ್ನೂ ವಿಧಿಸಿದೆ. ಎಷ್ಟು ಜನರಿಗೆ ಅನುಮತಿಯುಂಟೆಂದು ಕೇಳಲು ಸಂಕೋಚಪಡಬಾರದು. ಕಂಕುಳ ಕೂಸನ್ನೂ ಒಂದು ತಲೆಯೆಂದೇ ಎಣಿಸಬೇಕು. ತಲೆಗಿಷ್ಟೆಂದು ಕೊಡುವುದಕ್ಕಿಂತ ಇಡಿಯ ದೋಣಿಯನ್ನೇ ಗಂಟೆಗಿಷ್ಟೆಂದು ಗೊತ್ತುಮಾಡಿಕೊಳ್ಳುವುದು ಲೇಸು. ಹಾಗೆ ಮಾಡಿದರೆ ಇನ್ನಿಬ್ಬರನ್ನು ಹತ್ತಿಸಿಕೊಳ್ಳುವ ಆಸೆಯು ದೋಣಿಯವನಿಗೆ ಹುಟ್ಟದು. ಜೀವರಕ್ಷಕ ಅಂಗಿಯು ಕುಳಿತುಕೊಳ್ಳುವ ಮೆತ್ತೆಯಲ್ಲ. ಹತ್ತುವ ಮೊದಲೇ ತೊಟ್ಟು ಪಟ್ಟಿಗಳನ್ನು ಬಿಗಿಯತಕ್ಕದ್ದು. ದೊಡ್ಡವರ ಅಂಗಿಯಿಂದ ಮಗುವು ನೀರಿನಲ್ಲಿ ಜಾರಿಹೋಗಬಹುದಾದ ಕಾರಣ ಮಕ್ಕಳಿಗೆ ಅವರ ಅಳತೆಯದನ್ನೇ ಕೇಳಿ ಪಡೆಯಬೇಕು.

ಎರಡನೆಯದು ಹೊತ್ತು. ನದೀಮುಖದಲ್ಲಿ ಕಡಲಿನ ಭರತ ಇಳಿತಗಳದೇ ಆಳ್ವಿಕೆ. ನೀರು ಸುಮಾರು ಆರು ಗಂಟೆ ಏರಿ, ಅಷ್ಟೇ ಹೊತ್ತು ಇಳಿಯುವುದು. ಈ ಕ್ರಮವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸಮೀಪದಲ್ಲಿ ಕಡಮೆ. ಹೀಗಾಗಿ ಮನೆಯ ಪಂಚಾಂಗವು ಇಲ್ಲಿಯೂ ಉಪಯೋಗಕ್ಕೆ ಬರುವುದು. ಕಾಂಡ್ಲಾ ವನದ ಕಿರುಗಾಲುವೆಗಳನ್ನು ನೀರು ಏರುತ್ತಿರುವಾಗ ಹೊಗಬೇಕು. ಆಗ ದೋಣಿಯು ಕೆಸರಿಗೆ ತಾಗಿದರೂ ಸ್ವಲ್ಪ ಹೊತ್ತಿನಲ್ಲಿ ತಾನೇ ತೇಲುವುದು; ಇಳಿತದಲ್ಲಿ ತಾಗಿದರೆ ಗಂಟೆಗಟ್ಟಲೆ ಕಾಯಬೇಕಾದೀತು. ಮಧ್ಯಾಹ್ನದ ಮೇಲೆ ಕಡಲ ಗಾಳಿಯು ಬಲವಾಗುವುದರಿಂದ ಮುಂಜಾನೆಯೇ ಪ್ರಶಸ್ತ. ಅಳಿವೆಯ ಬಾಯಿಯಲ್ಲಿ ಮರಳದಿಣ್ಣೆಯ ಮೇಲೆ ಅಲೆಗಳು ಒಡೆಯುವುವು. ಅತ್ತ ಹೋಗೆಂದು ಅಂಬಿಗನನ್ನು ಒತ್ತಾಯಿಸಲಾಗದು.

ಇನ್ನು ಬುತ್ತಿಯ ವಿಷಯ. ಚಿತ್ರಾನ್ನ, ಮೊಸರನ್ನ, ಬಾಳೆಯ ಹಣ್ಣು ಸಾಕು. ಸುತ್ತಲೂ ನೀರಿದ್ದರೂ ಅದು ಉಪ್ಪು. ಕುಡಿಯುವ ನೀರನ್ನು ಮನೆಯಿಂದಲೇ ಧಾರಾಳವಾಗಿ ಒಯ್ಯಬೇಕು. ತಲೆಗೊಂದು ಟೋಪಿಯಿರಲಿ. ಯಂತ್ರದ ಹತ್ತಿರ ಕುಳಿತ ಹೆಂಗಸರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಅವಶ್ಯ. ಉಂಡ ಮೇಲೆ ಉಳಿದ ಕಸವೆಲ್ಲ ಮರಳಿ ದಡಕ್ಕೆ ಬರಲಿ.

ಇಷ್ಟನ್ನು ಮುಂಚೆಯೇ ನೋಡಿಕೊಂಡರೆ ಮತ್ತೆ ಚಿಂತೆಗೆ ಎಡೆಯಿಲ್ಲ. ಯಂತ್ರವನ್ನು ನಿಲ್ಲಿಸಿ ನೆರಳಿನಲ್ಲಿ ತೇಲುವಾಗ, ಕೆಸರಿನಿಂದ ಮೇಲಕ್ಕೆ ನಿಮಿರಿದ ಉಸಿರುಬೇರುಗಳನ್ನೂ ಅವುಗಳ ನಡುವೆ ಓಡಾಡುವ ಏಡಿಗಳನ್ನೂ ಮಕ್ಕಳಿಗೆ ತೋರಿಸಬಹುದು. ಮಿಂಚುಳ್ಳಿಯು ನೀರಿಗೆರಗುವುದನ್ನು ಕಾದು ನೋಡಬಹುದು. ಆಗಲೂ ಎಲ್ಲರೂ ಕುಳಿತೇ ನೋಡಲಿ. ಹೊಳೆಯ ಮೇಲೆ ಯಜಮಾನನು ಅಂಬಿಗನೇ. ಗಾಳಿ ತಿರುಗಿತು, ಹಿಂದಿರುಗೋಣವೆಂದು ಅವನು ಹೇಳಿದರೆ ಬಾಡಿಗೆಯ ಲೆಕ್ಕವನ್ನು ತೆಗೆಯದೆ ಒಪ್ಪಿಕೊಳ್ಳಬೇಕು. ನೋಡದೆ ಉಳಿದುದನ್ನು ಇನ್ನೊಂದು ರಜೆಯಲ್ಲಿ ಬಂದು ನೋಡಬಹುದಷ್ಟೆ.