ಅಜ್ಜನ ಹೆಸರಿನ ಆರ್‌ಟಿಸಿ, ಮುದಿಯಾದ ತೋಟ

ಅಡಿಕೆ ಮರಕ್ಕೂ ಪ್ರಾಯ ಆಗುತ್ತದೆ. ನಲವತ್ತು, ನಲವತ್ತೈದು ವರ್ಷ ದಾಟಿದ ಮೇಲೆ ಕೊನೆ ಸಣ್ಣದಾಗುತ್ತಾ ಬರುತ್ತದೆ, ಗಾಳಿಗೆ ಮರ ಮುರಿಯುತ್ತದೆ. ಬುಡದಲ್ಲೇ ಹೊಸ ಸಸಿ ಇಟ್ಟು ಬೆಳೆಸದಿದ್ದರೆ ತೋಟ ಮೆಲ್ಲಗೆ ಕಾಡಾಗುತ್ತದೆ. ನಮ್ಮ ಕಡೆಯ ಎಷ್ಟೋ ಬ್ಯಾರಿ ಮನೆಗಳ ತೋಟ ಈಗ ಇದೇ ಪ್ರಾಯದ್ದು. "ಹೊಸ ಸಸಿ ಇಡ್ಬಾರ್ದಾ?" ಎಂದು ಕೇಳಿದರೆ ಬರುವ ಉತ್ತರವೂ ಹೆಚ್ಚಾಗಿ ಒಂದೇ. "ಯಾರ ಜಾಗ ಅಂತ ಇಡೋದು ಮಾರಾಯ್ರೆ? ಇನ್ನೂ ಪಾಲಾಗ್ಲಿಲ್ಲ."

ಸಮಸ್ಯೆ ಗೊಬ್ಬರದ್ದೂ ಅಲ್ಲ, ನೀರಿನದ್ದೂ ಅಲ್ಲ. ಕಾಗದದ್ದು. ಇದನ್ನು ನಮಗಿಂತ ಚೆನ್ನಾಗಿ ಅರಿತವರು ನಮ್ಮ ಅಜ್ಜಂದಿರು. ಅವರಲ್ಲಿ ಅನೇಕರು ಗೇಣಿ ಒಕ್ಕಲುಗಳಾಗಿದ್ದವರು.

ದಕ್ಷಿಣ ಕನ್ನಡದಲ್ಲಿ ಆಗ ಎರಡು ಬಗೆಯ ಗೇಣಿ ಇತ್ತು. ಮೂಲಗೇಣಿಯಲ್ಲಿ ಒಕ್ಕಲಿಗೆ ಶಾಶ್ವತ ಹಕ್ಕು, ಗೇಣಿಯೂ ನಿಗದಿ. ಚಾಲಗೇಣಿ ಹಾಗಲ್ಲ. ವರ್ಷದಿಂದ ವರ್ಷಕ್ಕೆ ಧಣಿಗಳ ಮರ್ಜಿ. ಅಕ್ಕಿ ಮುಡಿ ಕಟ್ಟಿ ಧಣಿಗಳ ಮನೆಗೆ ಅಳೆದು ಕೊಟ್ಟ ಮೇಲೆ ಉಳಿದದ್ದು ಒಕ್ಕಲಿನ ಪಾಲಿಗೆ. ಇಂಥವನು ಗದ್ದೆಯಲ್ಲಿ ಏಣಿಲು ಬೆಳೆದಾನು, ನೀರಿದ್ದರೆ ಸುಗ್ಗಿ, ಕೊಳಕೆಯನ್ನೂ ಬೆಳೆದಾನು, ಯಾಕೆಂದರೆ ಅದರ ಲೆಕ್ಕ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು, ತೆಂಗಿಗೂ ಅಷ್ಟೇ. ಮುಂದಿನ ವರ್ಷ ಇದೇ ಜಾಗದಲ್ಲಿ ಇರುತ್ತೇನೋ ಇಲ್ಲವೋ ಎಂಬವನು ಸಸಿ ಯಾಕೆ ನೆಡುತ್ತಾನೆ? ಬಾವಿ ಯಾಕೆ ತೋಡುತ್ತಾನೆ?

1974ರ ಮಾರ್ಚ್ 1ರಿಂದ ಇದು ಬದಲಾಯಿತು. ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿ ಜಾಗಗಳೆಲ್ಲ ಸರಕಾರಕ್ಕೆ ಸೇರಿದವು. ಉಳುವವನು ಫಾರಂ 7 ತುಂಬಿಸಿ ಭೂನ್ಯಾಯ ಮಂಡಳಿಗೆ ಅರ್ಜಿ ಕೊಡಬೇಕಿತ್ತು. ಊರ ಮಾತಲ್ಲಿ ಅದಕ್ಕೆ 'ಡಿಕ್ಲರೇಶನ್'. ಅಸಿಸ್ಟೆಂಟ್ ಕಮಿಷನರ್ ಜೊತೆ ಸರಕಾರ ನೇಮಿಸಿದ ನಾಲ್ವರು ಕೂತು ವಿಚಾರಣೆ ಮಾಡುತ್ತಿದ್ದರು. ಆಗ ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಓದು ಬರಹ ಬಾರದ ಒಕ್ಕಲು ತಾನೇ ನಿಂತು ಮಾತಾಡಬೇಕಿತ್ತು. ಧಣಿಗಳ ಎದುರು ಮುಂಡಾಸು ಬಿಚ್ಚಿ ನಿಲ್ಲುತ್ತಿದ್ದವರಿಗೆ ಅದು ಸಣ್ಣ ಧೈರ್ಯ ಅಲ್ಲ.

ಹಕ್ಕು ಸಿಕ್ಕಿದ ಮೇಲೆ ಅಡಿಕೆ, ತೆಂಗು, ಕರಿಮೆಣಸು ಇಡುವ ಧೈರ್ಯವೂ ಬಂತು. ಈಗ ಮುದಿಯಾಗಿರುವ ಮರಗಳಲ್ಲಿ ಆಗ ನೆಟ್ಟವೇ ಬಹಳ. ರೇಟು, ಪಂಪ್‌ಸೆಟ್, ಸೊಸೈಟಿ ಸಾಲ ಎಲ್ಲವೂ ಸೇರಿತು ಅನ್ನಿ. ಆದರೆ ನೆಟ್ಟ ಗಿಡ ನನ್ನದು ಎಂಬ ಭರವಸೆ ಇಲ್ಲದೆ ಅದ್ಯಾವುದೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಇದು ನಮ್ಮ ಜಿಲ್ಲೆಯ ಕಥೆ ಮಾತ್ರ ಅಲ್ಲ. ಪಶ್ಚಿಮ ಬಂಗಾಳದಲ್ಲಿ 1978ರಲ್ಲಿ 'ಆಪರೇಶನ್ ಬರ್ಗಾ' ಶುರುವಾಯಿತು. ಅಲ್ಲಿ ಜಾಗದ ಮಾಲಕತ್ವ ಕೊಡಲಿಲ್ಲ. ಪಾಲಿಗೆ ಉಳುವ ಬರ್ಗಾದಾರನ ಹೆಸರನ್ನು ದಾಖಲೆಯಲ್ಲಿ ಬರೆದರು. ಪಾಲು ಸರಿಯಾಗಿ ಕೊಡುವವರೆಗೆ ಅವನನ್ನು ಎಬ್ಬಿಸುವ ಹಾಗಿಲ್ಲ, ಅವನ ಮಕ್ಕಳಿಗೂ ಆ ಹಕ್ಕು ಬರುತ್ತದೆ. ಅಭಿಜಿತ್ ಬ್ಯಾನರ್ಜಿ (ಮುಂದೆ 2019ರಲ್ಲಿ ನೊಬೆಲ್ ಪಡೆದವರು) ಮತ್ತು ಇಬ್ಬರು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರಿಂದ ಇಳುವರಿ ಹೆಚ್ಚಿದ್ದು ಕಂಡುಬಂತು. ಅದೇ ಮಣ್ಣು, ಅದೇ ರೈತ. ಕಾಗದದಲ್ಲಿ ಒಂದು ಹೆಸರು ಸೇರಿತು ಅಷ್ಟೇ.

ಈಗ ನಮ್ಮ ಮನೆಗಳಿಗೆ ಬರೋಣ. ಡಿಕ್ಲರೇಶನ್‌ನಲ್ಲಿ ಅಜ್ಜನಿಗೆ 2 ಎಕ್ರೆ 40 ಸೆಂಟ್ಸ್ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಅಜ್ಜ ತೀರಿಕೊಂಡರು. ಹೆಂಡತಿ, ಮೂರು ಗಂಡುಮಕ್ಕಳು, ಒಬ್ಬಳು ಮಗಳು. ಶರೀಅತ್‌ನ ಲೆಕ್ಕ ಎಂಟನೇ ಕ್ಲಾಸಿನ ಮಗುವೂ ಮಾಡುತ್ತದೆ. ಹೆಂಡತಿಗೆ ಎಂಟನೇ ಒಂದು ಪಾಲು, 30 ಸೆಂಟ್ಸ್. ಉಳಿದದ್ದರಲ್ಲಿ ಗಂಡುಮಕ್ಕಳಿಗೆ ತಲಾ 60, ಮಗಳಿಗೆ 30. ಐದು ನಿಮಿಷದ ಕೆಲಸ. ಆದರೆ ಮೂವತ್ತು ವರ್ಷ ಯಾರೂ ಮಾಡಲಿಲ್ಲ. ಅಷ್ಟರಲ್ಲಿ ಅಜ್ಜಿಯೂ ಹೋದರು, ದೊಡ್ಡ ಕಾಕನೂ ಹೋದರು, ಅವರ ಮಕ್ಕಳಲ್ಲಿ ಇಬ್ಬರು ದಮಾಮಿನಲ್ಲಿ, ಒಬ್ಬ ದುಬೈಯಲ್ಲಿ. ಈಗ ಪಾಲುದಾರರು ಹದಿನೈದು ಜನ.

ತೋಟ ನೋಡಿಕೊಳ್ಳುವವನು ಊರಲ್ಲಿ ಉಳಿದ ಕಿರಿಯ ಮಗ. ಮೈಲುತುತ್ತು ಹೊಡೆಸುವುದು, ಕೊಯ್ಯುವುದು, ಒಣಗಿಸುವುದು ಎಲ್ಲ ಅವನೇ. ಸೊಸೈಟಿಗೆ ಹೋದರೆ ಬಡ್ಡಿ ಇಲ್ಲದ ಬೆಳೆ ಸಾಲಕ್ಕೆ ಆರ್‌ಟಿಸಿ ಕೇಳುತ್ತಾರೆ. ಬೆಳೆ ವಿಮೆಗೂ ಅದೇ. ಆರ್‌ಟಿಸಿಯಲ್ಲಿ ಇನ್ನೂ ಅಜ್ಜನ ಹೆಸರು. ಸಸಿ ಇಟ್ಟರೆ ನಾಳೆ ಪಾಲಿನಲ್ಲಿ ಆ ಮೂಲೆ ಯಾರಿಗೆ ಹೋಗುತ್ತದೋ ಗೊತ್ತಿಲ್ಲ. ಹಾಗಾಗಿ ಇದ್ದದ್ದನ್ನು ಕೊಯ್ದು ತಿನ್ನುತ್ತಾನೆ, ಹೊಸದೇನೂ ಇಡುವುದಿಲ್ಲ. ಅಜ್ಜ ಧಣಿಗಳಿಗೆ ಚಾಲಗೇಣಿ ಒಕ್ಕಲಾಗಿದ್ದರು. ಮೊಮ್ಮಗ ಸ್ವಂತ ಕುಟುಂಬಕ್ಕೇ ಚಾಲಗೇಣಿ ಒಕ್ಕಲಾಗಿದ್ದಾನೆ.

"ಗಲ್ಫಿನವರು ಜಾಗವನ್ನು ಬೇರೆಯವರಿಗೆ ಗೇಣಿಗೆ ಕೊಡಬಹುದಲ್ಲ" ಎನ್ನುತ್ತೀರಾ? ಅದೇ 1974ರ ಕಾನೂನು ಕೃಷಿ ಜಾಗವನ್ನು ಗೇಣಿಗೆ ಕೊಡುವುದನ್ನು ಕೆಲವೇ ವಿನಾಯಿತಿ ಬಿಟ್ಟು ನಿಷೇಧಿಸಿತು. ಬಾಯಿ ಮಾತಲ್ಲಿ ಕೊಡೋಣ ಎಂದರೆ, ಹಿಂದೆ ಧಣಿಗಳಿಗೆ ಆದದ್ದು ತಮಗೂ ಆದೀತೆಂಬ ಹೆದರಿಕೆ. ಗದ್ದೆ ಹಡೀಲು ಬೀಳುತ್ತದೆ. ನಮಗೆ ಜಾಗ ಕೊಟ್ಟ ಕಾನೂನಿನ ಇನ್ನೊಂದು ಮುಖ ಇದು. ನನ್ನ ಅಭಿಪ್ರಾಯದಲ್ಲಿ ಗೇಣಿಯನ್ನು ದಾಖಲೆ ಸಮೇತ, ಇಂತಿಷ್ಟು ವರ್ಷಕ್ಕೆ ಎಂದು ಅನುಮತಿಸುವ ಕಾಲ ಬಂದಿದೆ.

ಪಾಲು ಮಾಡಿದರೆ ಜಾಗ ತುಂಡಾಗುತ್ತದೆ ಎಂಬ ವಾದವೂ ಉಂಟು. 30 ಸೆಂಟ್ಸಿನಲ್ಲಿ ಎಂತ ಕೃಷಿ? ಸರಿಯೇ. ಆದರೆ ಹೆಸರು ಬೇರೆ ಆದರೆ ಮಾತ್ರ ಒಬ್ಬ ಇನ್ನೊಬ್ಬನ ಪಾಲನ್ನು ಕ್ರಯಕ್ಕೆ ತೆಗೆದುಕೊಳ್ಳಬಹುದು. ಗಡಿ ಗೊತ್ತಿದ್ದರೆ ಒಟ್ಟಿಗೆ ಕೃಷಿ ಮಾಡಲೂ ಅಡ್ಡಿ ಇಲ್ಲ. ನಿಂತುಹೋಗುವುದು ಗಡಿಯೇ ಗೊತ್ತಿಲ್ಲದ ಜಾಗ.

ನಿಜವಾದ ಗಂಟು ಬೇರೆ ಕಡೆ ಇದೆ. ಪಾಲು ಮಾಡಿದರೆ ತಂಗಿಯ 30 ಸೆಂಟ್ಸನ್ನು ನಕ್ಷೆಯಲ್ಲಿ ತೋರಿಸಬೇಕಾಗುತ್ತದೆ. "ಅವಳ ಮದುವೆಗೆ ಚಿನ್ನ ಕೊಟ್ಟಾಗಿದೆ, ಹಕ್ಕು ಬಿಟ್ಟುಕೊಡಲು ಒಂದು ಸಹಿ ಹಾಕ್ಲಿ" ಎಂದು ಕೆಲವು ಅಣ್ಣಂದಿರು ಕಾಯುತ್ತಾರೆ. ಅವಳು ಹಾಕುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಫೈಲು ಕೂತಲ್ಲೇ ಕೂರುತ್ತದೆ.

ಕೆಲಸ ಶುರು ಮಾಡುವವರಿಗೆ ದಾರಿ ಉಂಟು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಮೊದಲು ಪೌತಿ ಖಾತೆ. ಆಮೇಲೆ ಸರ್ವೆ ಇಲಾಖೆಯಿಂದ 11ಇ ನಕ್ಷೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪಾಲುಪಟ್ಟಿ, ನಂತರ ಮ್ಯುಟೇಶನ್. ವಿದೇಶದಲ್ಲಿದ್ದವರು ಭಾರತೀಯ ರಾಯಭಾರ ಕಚೇರಿಯಲ್ಲಿ ಪವರ್ ಆಫ್ ಅಟಾರ್ನಿಗೆ ದೃಢೀಕರಣ ಮಾಡಿಸಿ ಕಳಿಸಬಹುದು. ರಜೆಯಲ್ಲಿ ಎಲ್ಲರೂ ಊರಿಗೆ ಬಂದಾಗ ಒಂದು ಸಂಜೆ ಕೂತು ಮಾತಾಡಿ. ತಂಗಿಯನ್ನೂ ಕರೆಯಿರಿ, ಸಹಿಗೆ ಮಾತ್ರ ಅಲ್ಲ. ಮೇ ತಿಂಗಳಲ್ಲಿ ನಕ್ಷೆ ಕೈಗೆ ಬಂದರೆ ಜೂನ್ ಮಳೆಗೆ ಸಸಿ ಇಡಬಹುದು.