ಬಿಡುಗಡೆಯೆಂಬ ಗಡೀಪಾರು

ಸೆರೆಮನೆಯ ಬಾಗಿಲು ತೆರೆದರೆ ಸೆರೆಯಾಳು ಮನೆಗೆ ಹೋಗುತ್ತಾನೆಂದು ನಾವು ತಿಳಿದಿದ್ದೇವೆ. ಚೀನದ ವೈ ಜಿಂಗ್‌ಷೆಂಗನ ಬಾಳಿನಲ್ಲಿ ಹಾಗಾಗಲಿಲ್ಲ.

1950ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದ ಈತನು ಅಲ್ಲಿಯ ಮೃಗಾಲಯದಲ್ಲಿ ವಿದ್ಯುತ್ ಕೆಲಸಗಾರನಾಗಿದ್ದನು. ಕೃಷಿ, ಕೈಗಾರಿಕೆ, ದೇಶರಕ್ಷಣೆ, ವಿಜ್ಞಾನ ಈ ನಾಲ್ಕರ ಆಧುನೀಕರಣವನ್ನು ಸರಕಾರವು ಸಾರುತ್ತಿದ್ದ ಕಾಲವದು. 1978ರ ಡಿಸೆಂಬರಿನಲ್ಲಿ ಈತನು ನಗರದ ಗೋಡೆಯೊಂದಕ್ಕೆ ತನ್ನ ಲೇಖನವನ್ನು ಅಂಟಿಸಿದನು. ಐದನೆಯದಾಗಿ ಪ್ರಜಾಪ್ರಭುತ್ವವೂ ಬೇಕು, ಅದಿಲ್ಲದೆ ಉಳಿದ ನಾಲ್ಕೂ ಪೊಳ್ಳು ಎಂಬುದೇ ಅದರ ಸಾರ.

1979ರ ಮಾರ್ಚಿನಲ್ಲಿ ಬಂಧನವಾಯಿತು. 15 ವರ್ಷಗಳ ಸಜೆಯಾಯಿತು. 1993ರಲ್ಲಿ ಹೊರಬಂದವನು ಸುಮ್ಮನಿರಲಿಲ್ಲ. ಮರುವರ್ಷವೇ ಮತ್ತೆ ಹಿಡಿದರು. 1995ರಲ್ಲಿ ಇನ್ನೂ 14 ವರ್ಷಗಳ ಸಜೆ ವಿಧಿಸಿದರು. 1996ರಲ್ಲಿ ಯುರೋಪಿನ ಸಖರೋವ್ ಪ್ರಶಸ್ತಿ ಬಂದಾಗಲೂ ಈತನು ಸೆರೆಯಲ್ಲಿಯೇ ಇದ್ದನು. 1997ರ ನವೆಂಬರಿನಲ್ಲಿ ಚಿಕಿತ್ಸೆಗೆಂದು ವಿಮಾನ ಹತ್ತಿಸಿ ಅಮೆರಿಕಕ್ಕೆ ಕಳುಹಿಸಿದರು.

ಇದರಲ್ಲಿ ಒಂದು ಮರ್ಮವಿದೆ. ಸೆರೆಯಲ್ಲಿದ್ದಾಗ ಈತನ ಮೌನವನ್ನೂ ಜಗತ್ತು ಕೇಳುತ್ತಿತ್ತು. ಹೊರದೇಶದಲ್ಲಿ ಬಾಯಿಗೆ ಬೀಗವಿಲ್ಲ, ನಿಜ. ಆದರೆ ಯಾರಿಗಾಗಿ ಮಾತನಾಡುತ್ತಾನೋ ಆ ಜನರ ಕಿವಿಗೆ ಮಾತು ಮುಟ್ಟದಂತೆ ಸರಕಾರದ ಕಾವಲಿದೆ. ನಾಲಗೆಯನ್ನು ಬಿಟ್ಟುಕೊಟ್ಟು ಕೇಳುವವರನ್ನು ಕಸಿದುಕೊಂಡಂತಾಯಿತು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ. ನಾನು ಬರೆದದ್ದನ್ನು ತಂದೆಯವರಿಗೆ ಓದಿಯೇ ಹೇಳಬೇಕು. ಈ ಲೇಖನವನ್ನು ಕೇಳಿ ಅವರೆಂದರು: “ಅವನ ಊರಿನೋರಿಗೆ ಇದನ್ನ ಯಾರು ಓದಿ ಹೇಳ್ತಾರಪ್ಪ?”

ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನೇ ವಾಚಕರ ಮುಂದಿಟ್ಟಿದ್ದೇನೆ.